ಬಿಸಿಲುನಾಡಿನಲ್ಲಿ ಹೆಗಲಿಗೇರುವ ಕ್ಯಾಮೆರಾ

ಕ್ಯಾಮೆರಾದ ಡಬ್ಬಿಯೊಳಗೆ ಬರುವ ಕೈಪಿಡಿಯನ್ನು ನಮ್ಮಲ್ಲಿ ಹೆಚ್ಚಿನವರು ತೆರೆದೂ ನೋಡುವುದಿಲ್ಲ. ಇವತ್ತು ಮನೆಗೆ ಹೋದ ಮೇಲೆ ಅದರ ಕೊನೆಯ ಪುಟಗಳನ್ನು ಒಮ್ಮೆ ತಿರುವಿ ನೋಡಿ. ತೂಕ, ಅಳತೆ, ಬ್ಯಾಟರಿಯ ವಿವರಗಳ ನಡುವೆ, ಈ ಯಂತ್ರವನ್ನು ಎಷ್ಟು ಉಷ್ಣತೆಯಲ್ಲಿ ಬಳಸಬಹುದೆಂದು ತಿಳಿಸುವ ಒಂದು ಸಾಲು ಇರುತ್ತದೆ. ಬಹುಪಾಲು ಕ್ಯಾಮೆರಾಗಳಲ್ಲಿ ಆ ಸಾಲು ಹೇಳುವುದು 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ 42, 43 ಡಿಗ್ರಿ ಇರುತ್ತದೆ. ಯಾದಗಿರಿಯ ಬಂಡೆಗಳ ಮೇಲಿನ ಕಾವಿನ ಮಾತು ಬೇರೆ. ತಯಾರಕರು ಮಾತು ಕೊಟ್ಟ ಗಡಿಯನ್ನು ನಾವು ಮನೆಯ ಅಂಗಳದಲ್ಲಿ ನಿಂತೇ ದಾಟಿರುತ್ತೇವೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಹೊರಾಂಗಣ ಛಾಯಾಗ್ರಹಣದ ಸಲಕರಣೆಗಳ ಬಗ್ಗೆ ನೀವು ನೋಡುವ ವಿಡಿಯೊಗಳು, ಓದುವ ಲೇಖನಗಳು ಬಹುತೇಕ ಹಿಮ, ಮಂಜು, ಜಿಟಿಜಿಟಿ ಮಳೆಯ ನಾಡುಗಳಿಂದ ಬಂದವು. ಅಲ್ಲಿನವರಿಗೆ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದು ದೊಡ್ಡ ಚಿಂತೆ. ನಮ್ಮ ಚಿಂತೆಗಳು ಬಿಸಿಲು ಮತ್ತು ಧೂಳು. ಮೂವತ್ತು ವರ್ಷ ಮದುವೆ, ಸೀಮಂತ, ಜಾತ್ರೆಗಳ ಚಿತ್ರ ತೆಗೆದು ಹೊಟ್ಟೆ ಹೊರೆದುಕೊಂಡು, ಬಿಡುವು ಸಿಕ್ಕಾಗಲೆಲ್ಲ ಚಿಂಚೋಳಿಯ ಕಾಡಿಗೋ ಬೀದರದ ಹುಲ್ಲುಗಾವಲಿಗೋ ಓಡಿದವನು ನಾನು. ಎಷ್ಟೋ ಸಲಕರಣೆಗಳನ್ನು ಆ ಬಿಸಿಲು, ಧೂಳಿನ ಕೈಗೆ ಕೊಟ್ಟು ಕಳೆದುಕೊಂಡಿದ್ದೇನೆ. ಆದ್ದರಿಂದ ನನ್ನ ಮಾತು ಕ್ಯಾಮೆರಾದ ಅಂಗಡಿಯಿಂದ ಹೊರಡುವುದಿಲ್ಲ. ಈ ನೆಲದಿಂದ ಹೊರಟು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ.

"ಸರ್, ಯಾವ ಕ್ಯಾಮೆರಾ ತಗೋಬೇಕ್ರಿ?" ಎಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ತಿರುಗಿ ಕೇಳುವುದು ಮೂರು ಪ್ರಶ್ನೆ: ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೋಗುತ್ತೀರಿ, ಎಷ್ಟು ದೂರ ನಡೆಯುತ್ತೀರಿ. ಕೈಯಲ್ಲಿ ದುಡ್ಡೆಷ್ಟಿದೆ ಎಂಬುದನ್ನು ಆಮೇಲೆ ಕೇಳುತ್ತೇನೆ. ಮೊದಲ ಮೂರಕ್ಕೆ ಉತ್ತರ ಸಿಕ್ಕರೆ ನಾಲ್ಕನೆಯದರ ಭಾರ ಅರ್ಧಕ್ಕರ್ಧ ಇಳಿದಿರುತ್ತದೆ.

ಬಿಸಿಲಿನ ವಿಷಯವನ್ನು ಮುಗಿಸಿಯೇ ಮುಂದೆ ಹೋಗೋಣ. ಕ್ಯಾಮೆರಾದ ಬಾಡಿ ಕಪ್ಪು, ಹೆಚ್ಚಿನ ಲೆನ್ಸುಗಳೂ ಕಪ್ಪು. ದೂರದ್ದನ್ನು ಹತ್ತಿರ ತರುವ ದೊಡ್ಡ ಟೆಲಿ ಲೆನ್ಸುಗಳಿಗೆ ಕೆಲವು ಕಂಪನಿಗಳು ಬಿಳಿ ಬಣ್ಣ ಬಳಿಯುವುದು ಶೋಕಿಗಲ್ಲ, ಒಳಗಿನ ಗಾಜು ಮತ್ತು ಲೋಹ ಕಾದು ಹಿಗ್ಗುವುದನ್ನು ತಗ್ಗಿಸಲು. ಬಿಸಿಲಿನಲ್ಲಿ ನಿಲ್ಲಿಸಿ ಗಾಜು ಏರಿಸಿದ ಕಾರಿನೊಳಗೆ ಉಷ್ಣತೆ ಸುಲಭವಾಗಿ 60 ಡಿಗ್ರಿ ದಾಟುತ್ತದೆ. ಒಂದು ಮೇ ತಿಂಗಳಲ್ಲಿ ಅಂಥ ಕಾರಿನೊಳಗೆ ನನ್ನ ಬ್ಯಾಗನ್ನು ಬಿಟ್ಟು ಊಟಕ್ಕೆ ಹೋಗಿದ್ದೆ. ಮರಳಿ ಬಂದು ಕ್ಯಾಮೆರಾ ಹಿಡಿದರೆ ಹಿಡಿಕೆಯ ರಬ್ಬರು ಅಂಟು ಬಿಟ್ಟು, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕೈಗೆ ಬಂತು. ಬ್ಯಾಟರಿಯೊಂದು ತುಸು ಉಬ್ಬಿ, ತನ್ನ ಗೂಡಿನಿಂದ ಹೊರಬರಲು ಹಟ ಹಿಡಿದಿತ್ತು. ಕಂಪನಿಯನ್ನು ದೂರುವಂತಿರಲಿಲ್ಲ, ಕೈಪಿಡಿಯಲ್ಲಿ ಬರೆದೇ ಇತ್ತು.

ಒಳಗೆ ಕನ್ನಡಿಯಿಲ್ಲದ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತೊಂದರೆ ಒಂದು ಮೆಟ್ಟಿಲು ಮೇಲೇರಿದೆ. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ನೀವು ಕನ್ನಡಿಯ ಮೂಲಕ ನೇರವಾಗಿ ಹೊರಗಿನ ಬೆಳಕನ್ನೇ ನೋಡುತ್ತಿದ್ದಿರಿ. ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಆ ಹೊತ್ತಿಗೆ ಮಲಗಿರುತ್ತಿತ್ತು. ಮಿರರ್‌ಲೆಸ್‌ನಲ್ಲಿ ನೀವು ಕಣ್ಣಿಟ್ಟಷ್ಟು ಹೊತ್ತೂ ಸೆನ್ಸರ್, ಪ್ರೊಸೆಸರ್, ಒಳಗಿನ ಪುಟ್ಟ ಪರದೆ ಮೂರೂ ದುಡಿಯುತ್ತವೆ, ಬಿಸಿಯಾಗುತ್ತವೆ, ಬ್ಯಾಟರಿಯನ್ನು ಕುಡಿಯುತ್ತವೆ. 4ಕೆ ವಿಡಿಯೊ ತೆಗೆಯುವವರು ಇದನ್ನು ಬೇಗ ಅರಿಯುತ್ತಾರೆ. ಎಷ್ಟು ನಿಮಿಷ ಎಡೆಬಿಡದೆ ಚಿತ್ರೀಕರಿಸಬಹುದೆಂದು ವಿಮರ್ಶೆಗಳು ಹೇಳುವ ಲೆಕ್ಕ ಸಾಮಾನ್ಯವಾಗಿ ತಂಪು ಕೋಣೆಯದು. ನಮ್ಮ ಬಿಸಿಲಿನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಪರದೆಯ ಮೇಲೆ ಎಚ್ಚರಿಕೆಯ ಗುರುತು ಮೂಡುತ್ತದೆ. ಹಾಗೆಂದು ಮಿರರ್‌ಲೆಸ್ ಬೇಡವೆಂದು ನಾನು ಹೇಳುತ್ತಿಲ್ಲ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಅದರ ಆಟೊಫೋಕಸ್ ಎದುರು ನನ್ನ ಮೂವತ್ತು ವರ್ಷದ ಕೈಚಳಕ ಹಲವು ಸಲ ಸೋತಿದೆ. ಆದರೆ ಅದನ್ನು ಕೊಳ್ಳುವವರು ಎರಡು ಹೆಚ್ಚುವರಿ ಬ್ಯಾಟರಿಗಳ ಬೆಲೆಯನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ದಾರಿಯಲ್ಲಿ ಆ ಬ್ಯಾಟರಿಗಳು ಇರಬೇಕಾದದ್ದು ಕಾರಿನ ಡ್ಯಾಶ್‌ಬೋರ್ಡಿನ ಮೇಲಲ್ಲ, ಬುತ್ತಿಯ ಚೀಲದಲ್ಲಿ ನೀರಿನ ಬಾಟಲಿಯ ಮಗ್ಗುಲಲ್ಲಿ, ಒದ್ದೆಯಾಗದಂತೆ ಸುತ್ತಿಟ್ಟು.

ಬಿಸಿಲಿನ ಇನ್ನೊಂದು ಕೆಲಸ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಚಿತ್ರದಲ್ಲಿ ಕಾಣುತ್ತದೆ. ಬಿಸಿಲ್ಗುದುರೆ ಎಂಬ ಚಂದದ ಮಾತು ನಮ್ಮಲ್ಲಿದೆ. ಕಾದ ನೆಲದಿಂದ ಮೇಲೇಳುವ ಬಿಸಿ ಗಾಳಿ ಮತ್ತು ಅದರ ಮೇಲಿನ ತಂಪು ಗಾಳಿಯ ಸಾಂದ್ರತೆಗಳು ಬೇರೆ ಬೇರೆಯಾದ್ದರಿಂದ ಬೆಳಕು ದಾರಿಯುದ್ದಕ್ಕೂ ಬಾಗುತ್ತ, ನಡುಗುತ್ತ ಬರುತ್ತದೆ. ಬೀದರ ಜಿಲ್ಲೆಯ ಬಯಲಿನಲ್ಲಿ ಇನ್ನೂರು ಮೀಟರ್ ದೂರದಲ್ಲಿ ನಿಂತ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಬೆಳಿಗ್ಗೆ ಹತ್ತೂವರೆಗೆ 600 ಮಿ.ಮೀ.ನಂಥ ಉದ್ದ ಲೆನ್ಸಿನಲ್ಲಿ ತೆಗೆದು ನೋಡಿ. ಕೊಂಬಿನ ಸುರುಳಿಗಳು ಕರಗಿದ ಮೇಣದಂತಿರುತ್ತವೆ. ಲೆನ್ಸ್ ಕೆಟ್ಟಿದೆಯೆಂದು ಅದನ್ನು ಸರ್ವಿಸ್ ಸೆಂಟರಿಗೆ ಕಳಿಸಿದವರನ್ನು ಬಲ್ಲೆ. ಎಷ್ಟು ಲಕ್ಷ ರೂಪಾಯಿಯ ಲೆನ್ಸಾದರೂ ನಡುವಿನ ಗಾಳಿಯನ್ನು ತಿದ್ದಲಾರದು. ಬೇಸಿಗೆಯಲ್ಲಿ ಸೂರ್ಯ ಹುಟ್ಟಿದ ಮೊದಲ ಒಂದೂವರೆ, ಎರಡು ಗಂಟೆಯ ಒಳಗೆ ಉದ್ದ ಲೆನ್ಸಿನ ಕೆಲಸ ಮುಗಿದಿರಬೇಕು. "ನಾನು ಏಳುವುದೇ ಎಂಟಕ್ಕೆ" ಎನ್ನುವವರು ಆ ಲೆನ್ಸಿನ ದುಡ್ಡನ್ನು ಉಳಿಸಿಕೊಳ್ಳುವುದು ಒಳಿತು; ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎಷ್ಟು ಹೊತ್ತಿಗೆ ಹೋಗುತ್ತೀರಿ ಎಂದು ಆಗ ಕೇಳಿದ್ದು ಈ ಕಾರಣಕ್ಕೆ.

ಇನ್ನು ಧೂಳು. ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಧೂಳು ಒಂದೇ ಬಗೆಯದಲ್ಲ. ಎರೆಹೊಲದ ಕಪ್ಪು ಧೂಳು ಹಿಟ್ಟಿನಷ್ಟು ನಯ, ಬೆವರಿದ ಕೈ ತಾಗಿದರೆ ಅಂಟಿಕೊಳ್ಳುತ್ತದೆ. ಬೀದರದ ಜಂಬಿಟ್ಟಿಗೆ ಮಣ್ಣಿನ ಕೆಂಪು ಧೂಳು ಬಟ್ಟೆಯ ಮೇಲೆ ಕೂತರೆ ಎರಡು ಒಗೆತಕ್ಕೂ ಬಿಡದು. ಎಲ್ಲಕ್ಕಿಂತ ಕೆಟ್ಟದ್ದು ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಫರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳ ಬಿಳಿ ಪುಡಿ. ಅದು ಗಾಳಿಯಲ್ಲಿ ತೇಲುತ್ತಿರುವುದೇ ತಿಳಿಯುವುದಿಲ್ಲ. ಸಂಜೆ ಲೆನ್ಸಿನ ರಿಂಗ್ ತಿರುಗಿಸಿದಾಗ ಕರಕರ ಸದ್ದು ಕೇಳಿ ತಿಳಿಯುತ್ತದೆ.

ಒಮ್ಮೆ ಅಂಥದೇ ಗಣಿಯ ಅಂಚಿನಲ್ಲಿ ನಿಂತು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸೀಳಿದ ಕಲ್ಲಿನ ಪದರಗಳನ್ನು ತೆಗೆಯಲು ಲೆನ್ಸ್ ಬದಲಿಸಿದೆ. ಗಾಳಿ ಬೀಸುತ್ತಿತ್ತು, ಅವಸರವಿತ್ತು. ಆ ದಿನದ ಮತ್ತು ಮರುದಿನದ ಒಟ್ಟು ಆರುನೂರು ಚಿತ್ರಗಳ ಆಕಾಶದಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಹನ್ನೊಂದು ಕಲೆಗಳು. ಲೆನ್ಸ್ ಕಳಚಿದ ಗಳಿಗೆಯಲ್ಲಿ ಒಳಹೊಕ್ಕ ಧೂಳು ಸೆನ್ಸರಿನ ಮೇಲೆ ಕೂತಿತ್ತು. ಬೆಳಕು ಒಳಬರುವ ಕಿಂಡಿಯನ್ನು ಕಿರಿದಾಗಿಸಿ, ಅಂದರೆ ಎಫ್/11, ಎಫ್/16ರಂಥ ಸಣ್ಣ ಅಪರ್ಚರ್ ಇಟ್ಟು ತೆಗೆದಷ್ಟೂ ಆ ಕಲೆಗಳು ಗಟ್ಟಿಯಾಗಿ ಕಾಣುತ್ತವೆ. ಹೊರಾಂಗಣ ದೃಶ್ಯಗಳನ್ನು ನಾವು ತೆಗೆಯುವುದೂ ಅವೇ ಅಪರ್ಚರ್‌ಗಳಲ್ಲಿ. ಮನೆಯಲ್ಲಿ ಕೂತು ಒಂದೊಂದನ್ನೇ ಅಳಿಸಲು ನನಗೆ ಒಂದು ವಾರ ಹಿಡಿಯಿತು.

ಆ ವಾರದಲ್ಲಿ ನಾನು ಕಲಿತದ್ದು ನನ್ನ ಕೊಳ್ಳುವ ಕ್ರಮವನ್ನೇ ಬದಲಿಸಿತು. ಹೊರಗೆ ಲೆನ್ಸ್ ಬದಲಿಸಬೇಕಾದ ಸಂದರ್ಭವೇ ಬಾರದಂತೆ ಸಲಕರಣೆ ಆರಿಸಿಕೊಳ್ಳಬೇಕು. ಪ್ರೈಮ್ ಲೆನ್ಸುಗಳು, ಎಂದರೆ ಜೂಮ್ ಇಲ್ಲದವು, ಹೆಚ್ಚು ಸ್ಫುಟ, ಹೆಚ್ಚು ಬೆಳಕು ಹಿಡಿಯುವಂಥವು ಎಂಬುದನ್ನು ಒಪ್ಪುತ್ತೇನೆ. ಆದರೆ ಮೂರು ಪ್ರೈಮ್‌ಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ಒಂದೊಂದಾಗಿ ಬದಲಿಸುವವನಿಗಿಂತ, 18–135 ಅಥವಾ 24–105 ಮಿ.ಮೀ.ನಂಥ ಒಂದೇ ಜೂಮ್ ಹಾಕಿಕೊಂಡು ದಿನವಿಡೀ ಅದನ್ನು ಕಳಚದವನ ಚಿತ್ರಗಳು ಈ ನೆಲದಲ್ಲಿ ಚೊಕ್ಕಟವಾಗಿರುತ್ತವೆ. ಹಕ್ಕಿಯೂ ಬೇಕು, ಬಯಲೂ ಬೇಕು ಎನ್ನುವವರು ಹೊಸ ದುಬಾರಿ ಬಾಡಿಯೊಂದರ ಬದಲು ಸಾಧಾರಣವಾದ, ಬಳಸಿದ ಎರಡು ಬಾಡಿಗಳನ್ನು ಕೊಂಡು ಎರಡಕ್ಕೂ ಒಂದೊಂದು ಲೆನ್ಸನ್ನು ಕಾಯಂ ಮಾಡುವುದನ್ನು ಯೋಚಿಸಬೇಕು. ಒಂದು ಬಿಸಿಲಿಗೆ ಮುನಿಸಿಕೊಂಡರೆ ಇನ್ನೊಂದು ಕೈಯಲ್ಲಿರುತ್ತದೆ.

"ವೆದರ್ ಸೀಲಿಂಗ್" ಎಂಬ ಮಾತನ್ನು ಮಾರಾಟಗಾರರು ಮಂತ್ರದಂತೆ ಹೇಳುತ್ತಾರೆ. ಅದರೊಳಗೆ ಇರುವುದು ಗುಂಡಿ, ಬಾಗಿಲು, ಕೀಲುಗಳ ಸುತ್ತ ಕೂಡಿಸಿದ ರಬ್ಬರ್ ಮತ್ತು ಫೋಮಿನ ಪಟ್ಟಿಗಳು. ಲೆನ್ಸು ಬಾಡಿಗೆ ಕೂಡುವಲ್ಲಿ ತೆಳುವಾದ ಒಂದು ರಬ್ಬರ್ ಬಳೆ. ಬಾಡಿಗೆ ಸೀಲಿಂಗ್ ಇದ್ದು ಲೆನ್ಸಿಗೆ ಆ ಬಳೆ ಇಲ್ಲದಿದ್ದರೆ, ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಕೊಳ್ಳುವ ಮುನ್ನ ಲೆನ್ಸಿನ ಹಿಂಭಾಗ ತಿರುಗಿಸಿ ಬಳೆ ಇದೆಯೇ ಎಂದು ಕಣ್ಣಾರೆ ನೋಡಿ. ಜೂಮ್ ಮಾಡಿದಾಗ ಉದ್ದವಾಗುವ ಲೆನ್ಸು ಪ್ರತಿ ಸಲ ಚಾಚಿದಾಗಲೂ ಹೊರಗಿನ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳನ್ನೂ. ಒಳಗೊಳಗೇ ಜೂಮ್ ಆಗುವ ಲೆನ್ಸು ತುಸು ದುಬಾರಿ, ತುಸು ಉದ್ದ. ಆದರೆ ಫರಸಿಯ ಊರಿನವರಿಗೆ ಅದರ ಹೆಚ್ಚಿನ ಬೆಲೆ ಸಾರ್ಥಕ. ಧೂಳನ್ನು ತೆಗೆಯಲು ರಬ್ಬರಿನ ಬ್ಲೋವರ್ ಸಾಕು. ಬಾಯಿಂದ ಊದಬೇಡಿ, ಉಗುಳಿನ ಸೂಕ್ಷ್ಮ ಹನಿಗಳು ಗಾಜಿನ ಮೇಲೆ ಒಣಗಿ ಕೂರುತ್ತವೆ. ಊದಿ ಧೂಳು ತೆಗೆಯದೆ ಶಲ್ಯದ ತುದಿಯಿಂದ ಒರೆಸುವುದಂತೂ ಗಾಜಿನ ಮೇಲೆ ಮರಳು ಕಾಗದ ಎಳೆದಂತೆ.

ಮೂರನೆಯ ಪ್ರಶ್ನೆ, ನಡೆಯುವ ದೂರದ್ದು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಸ್ಯಾಮುಯೆಲ್ ಬೋರ್ನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆಯ ದಾರಿಯಲ್ಲಿ 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ. ಅದು ಗಾಜಿನ ಫಲಕದ ಮೇಲೆ ದ್ರಾವಣ ಸುರಿದು, ಹಸಿ ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲ ಡೇರೆಯೊಳಗೆ ತೊಳೆಯಬೇಕಾದ ಕಾಲ. ಅವನ ಗಾಜು, ರಾಸಾಯನಿಕ, ಡೇರೆಗಳನ್ನು ಹೊತ್ತದ್ದು ಹತ್ತಾರು ಕೂಲಿಗಳು. ಅದಾಗಿ ಎರಡು ದಶಕದ ಹೊತ್ತಿಗೆ ನಮ್ಮ ಈ ಭಾಗ ಸೇರಿದ್ದ ನಿಜಾಮ ಸಂಸ್ಥಾನದಲ್ಲಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರ ಕೆಲಸವೂ ಗಾಜಿನ ಫಲಕಗಳ ಮೇಲೆಯೇ. ಅವರಿಗೆ ಆಳುಕಾಳುಗಳಿದ್ದರು. ನೂರು ವರ್ಷದ ನಂತರ ಅಮೆರಿಕದ ಪರ್ವತಾರೋಹಿ ಗೇಲನ್ ರೋವೆಲ್, 35 ಮಿ.ಮೀ. ಫಿಲ್ಮಿನ ಪುಟ್ಟ ಕ್ಯಾಮೆರಾ ಮತ್ತು ಹಗುರವಾದ ಒಂದೆರಡು ಲೆನ್ಸುಗಳನ್ನು ಎದೆಗೆ ಕಟ್ಟಿಕೊಂಡು, ತಾನೂ ಹಗ್ಗ ಹಿಡಿದು ಬಂಡೆ ಹತ್ತುತ್ತ ಚಿತ್ರ ತೆಗೆದ. ನೋಡುವವನಾಗಿ ಕೆಳಗೆ ನಿಲ್ಲದೆ, ಹತ್ತುವವರಲ್ಲಿ ಒಬ್ಬನಾಗಿ ತೆಗೆದ ಚಿತ್ರಗಳು ಅವು. ಸಾಹಸ ಛಾಯಾಗ್ರಹಣ ಎಂದು ನಾವು ಈಗ ಕರೆಯುವುದು ಆ ಹಗುರತನದಿಂದ ಹುಟ್ಟಿದ್ದು.

ನಮಗೆ ಕೂಲಿಗಳಿಲ್ಲ, ಯಾದಗಿರಿಯ ಕೋಟೆಯ ಬೆಟ್ಟವನ್ನು ನಮ್ಮ ಬ್ಯಾಗನ್ನು ನಾವೇ ಹೊತ್ತು ಹತ್ತಬೇಕು. ಒಂದು ಕಾಲಕ್ಕೆ ನಾನು ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ, 70–200 ಎಫ್/2.8 ಜೂಮ್ ಲೆನ್ಸು, ಅಗಲ ಜೂಮ್, ಅಲ್ಯೂಮಿನಿಯಂ ಟ್ರೈಪಾಡ್, ಫ್ಲ್ಯಾಶ್ ಎಲ್ಲವನ್ನೂ ತುಂಬಿಕೊಂಡು ಹೋಗುತ್ತಿದ್ದೆ. ತಕ್ಕಡಿಗೆ ಹಾಕಿದಾಗ ಎಂಟೂವರೆ ಕಿಲೊ. ಅದಕ್ಕೆ ಎರಡೂವರೆ ಲೀಟರ್ ನೀರು ಸೇರಿಸಿದರೆ ಹನ್ನೊಂದು. ಬೆಟ್ಟದ ಅರ್ಧಕ್ಕೆ ಬಂದಾಗ ಬೆಳಕು ಚೆನ್ನಾಗಿತ್ತು. ಬ್ಯಾಗ್ ಇಳಿಸಿ, ತೆರೆದು, ಲೆನ್ಸ್ ಹುಡುಕುವ ಚೈತನ್ಯ ಇರಲಿಲ್ಲ. ಜೊತೆಗೆ ಬಂದಿದ್ದ ನನ್ನ ತಂಗಿಯ ಮಗ ಮೊಬೈಲಿನಲ್ಲಿ ತೆಗೆದ ಚಿತ್ರವೇ ಆ ದಿನದ ಒಳ್ಳೆಯ ಚಿತ್ರವಾಯಿತು. ನೀರನ್ನು ಕಡಿಮೆ ಮಾಡಿ ಲೆನ್ಸ್ ಹೊರುವ ತಪ್ಪನ್ನು ಮಾತ್ರ ಯಾರೂ ಮಾಡಬೇಡಿ. ನೀರು ಮೊದಲು, ಉಳಿದ ಜಾಗದಲ್ಲಿ ಕ್ಯಾಮೆರಾ.

ತೂಕ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ಹೇಳುತ್ತೇನೆ. ಎಫ್ ಸಂಖ್ಯೆ ಎಂದರೆ ಲೆನ್ಸಿನ ನಾಭಿದೂರವನ್ನು ಬೆಳಕು ಒಳಬರುವ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. 300 ಮಿ.ಮೀ. ಲೆನ್ಸು ಎಫ್/2.8 ಆಗಬೇಕಾದರೆ ಕಿಂಡಿ ಸುಮಾರು 107 ಮಿ.ಮೀ. ಇರಬೇಕು, ಮುಂದಿನ ಗಾಜು ಅದಕ್ಕಿಂತ ಚಿಕ್ಕದಾಗುವಂತಿಲ್ಲ. ಅದೇ 300, ಎಫ್/5.6 ಆದರೆ 54 ಮಿ.ಮೀ. ಸಾಕು. ಗಾಜಿನ ಗಾತ್ರ, ತೂಕ, ಬೆಲೆ ಮೂರೂ ಅಲ್ಲಿಂದ ಇಳಿಯುತ್ತವೆ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ; ಇಲ್ಲಿ ಕಳೆದುಕೊಳ್ಳುವುದು ಎರಡು ಸ್ಟಾಪ್ ಬೆಳಕು, ಅಂದರೆ ನಾಲ್ಕರಲ್ಲಿ ಮೂರು ಪಾಲು. ಮಲೆನಾಡಿನ ದಟ್ಟ ಕಾಡಿನ ನೆರಳಿನಲ್ಲಿ ಆ ಬೆಳಕಿಗಾಗಿ ಜನ ಸಾಲ ಮಾಡುತ್ತಾರೆ. ನಮ್ಮಲ್ಲಿ ಬೆಳಕಿಗೆ ಬರವಿಲ್ಲ. ಬೀದರದ ಬಯಲಿನಲ್ಲಿ ಬೆಳಗಿನ ಏಳಕ್ಕೇ ಎಫ್/6.3ರಲ್ಲಿ 1/2000 ಸೆಕೆಂಡಿನ ಷಟರ್ ವೇಗ ಸಿಗುತ್ತದೆ. ಜಿಗಿಯುವ ಚಿಗರಿಯನ್ನು ನಿಲ್ಲಿಸಲು ಅಷ್ಟು ಬೇಕು, ಅಷ್ಟೇ ಸಾಕು. ಬಿಸಿಲುನಾಡಿನಲ್ಲಿ ಹುಟ್ಟಿದ್ದರಿಂದ ನಮಗೆ ಸಿಗುವ ಕೆಲವೇ ರಿಯಾಯಿತಿಗಳಲ್ಲಿ ಇದೂ ಒಂದು.

ಇದೇ ತರ್ಕದಿಂದ ನಾನು ಸಾಮಾನ್ಯವಾಗಿ ಎಪಿಎಸ್-ಸಿ ಸೆನ್ಸರನ್ನು, ನಮ್ಮ ಹುಡುಗರು ಕ್ರಾಪ್ ಸೆನ್ಸರ್ ಎನ್ನುವುದನ್ನು, ಸೂಚಿಸುತ್ತೇನೆ. ಫುಲ್ ಫ್ರೇಮ್ 36×24 ಮಿ.ಮೀ.; ಎಪಿಎಸ್-ಸಿ ಸುಮಾರು 23.5×15.6. ಕೆನಾನ್‌ನಲ್ಲಿ ಇನ್ನೂ ತುಸು ಚಿಕ್ಕದು. 300 ಮಿ.ಮೀ. ಲೆನ್ಸು ಇದರ ಮೇಲೆ ಫುಲ್ ಫ್ರೇಮಿನ 450ರಷ್ಟು ಹತ್ತಿರದ ನೋಟ ಕೊಡುತ್ತದೆ. ಕತ್ತಲಾದಾಗ ಚಿತ್ರದಲ್ಲಿ ಕಾಳುಕಾಳು ಹೆಚ್ಚು ಕಾಣುತ್ತದೆ, ನಿಜ. ರಾತ್ರಿಯ ಆಕಾಶ, ನಕ್ಷತ್ರಗಳ ಜಾಡು ನಿಮ್ಮ ಮುಖ್ಯ ಆಸಕ್ತಿಯಾಗಿದ್ದರೆ ಮಾತ್ರ ಫುಲ್ ಫ್ರೇಮಿಗೆ ಹೋಗಿ. ಹಗಲಿನ ಕೆಲಸಕ್ಕೆ ಅದು ಹೆಗಲಿಗೂ ಜೇಬಿಗೂ ಹೆಚ್ಚಿನ ಭಾರ. ಬೆಳೆದ ಗಂಡು ಚಿಗರಿಯ ಬೆನ್ನು ಕಡುಗಪ್ಪು, ಹೊಟ್ಟೆ ಅಚ್ಚ ಬಿಳುಪು. ಬಿಸಿಲಿನಲ್ಲಿ ಈ ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳುವುದು ಯಾವ ಸೆನ್ಸರಿಗೂ ಪರೀಕ್ಷೆ. ಜೆಪೆಗ್ ಬಿಟ್ಟು, ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲಿನಲ್ಲಿ ತೆಗೆದು, ಹೊಟ್ಟೆಯ ಬಿಳುಪು ಸುಟ್ಟುಹೋಗದಂತೆ ಸುಮಾರು ಮುಕ್ಕಾಲು ಸ್ಟಾಪ್ ಕಡಿಮೆ ಇಟ್ಟರೆ, ಬೆನ್ನಿನ ಕೂದಲನ್ನು ಆಮೇಲೆ ಮೇಲೆತ್ತಬಹುದು. ನಮ್ಮ ಪಕ್ಕದ ಸಂಡೂರಿನ ಎಂ. ವೈ. ಘೋರ್ಪಡೆಯವರು ಕಪ್ಪು ಬಿಳುಪು ಫಿಲ್ಮಿನಲ್ಲಿ ಕಾಡುಪ್ರಾಣಿಗಳ ಮೇಲಿನ ಬೆಳಕನ್ನು ಹಿಡಿದಿಟ್ಟ ಬಗೆಯನ್ನು ಆಸಕ್ತರು ಹುಡುಕಿ ನೋಡಬೇಕು. ನಮ್ಮ ಇಂದಿನ ಅಗ್ಗದ ಸೆನ್ಸರಿಗೆ ಇರುವ ಅನುಕೂಲಗಳು ಆ ಫಿಲ್ಮಿಗೆ ಇರಲಿಲ್ಲ.

ಟ್ರೈಪಾಡಿನ ಬಗ್ಗೆ ಕೇಳುತ್ತೀರಿ. ಕಾಡಿನ ದಾರಿಯಲ್ಲಿ ಅದರ ಬದಲು ಜೀಪಿನ ಕಿಟಕಿಯ ಮೇಲೋ ಬಂಡೆಯ ಮೇಲೋ ಲೆನ್ಸ್ ಇಡಲು ಪೇಟೆಯಲ್ಲಿ ಬೀನ್ ಬ್ಯಾಗ್ ಎಂಬುದು ಸಿಗುತ್ತದೆ. ನಮ್ಮ ಮನೆಯಲ್ಲಿ ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ, ಎರಡೂ ತುದಿ ಹೊಲಿದು, ಒಳಗೆ ಜೋಳ ತುಂಬಿದೆವು. ಮೊದಲು ತೊಗರಿ ತುಂಬಿದ್ದೆ, ಕಲಬುರಗಿಯವನಲ್ಲವೇ! ತೊಗರಿಯ ಕಾಳು ಜಾರುತ್ತದೆ, ಜೋಳ ಒತ್ತಿ ಕೂರುತ್ತದೆ, ಲೆನ್ಸು ಅದರೊಳಗೆ ಮಗುವಿನಂತೆ ಮಲಗುತ್ತದೆ. ಮಳೆಗಾಲದಲ್ಲಿ ಮಾತ್ರ ಎಚ್ಚರ, ಒಂದು ಸಲ ನೆನೆದು ಮೊಳಕೆಯೊಡೆದಿತ್ತು. ದೂರದೂರಿಗೆ ಹೋಗುವಾಗ ಚೀಲವನ್ನು ಖಾಲಿ ಒಯ್ದು ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಎರಡು ಕಿಲೊ ಕಾಳು ತುಂಬಿಸಿಕೊಂಡರಾಯಿತು.

ಕೋಟೆ, ಗುಮ್ಮಟಗಳಿಗೆ ಹೋಗುವವರು ತಿಳಿದಿರಬೇಕಾದದ್ದು: ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಬೇಕು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಮಾಡು. ಕಮಾನುಗಳ ಸಾಲಿನೊಳಗೆ ಮಧ್ಯಾಹ್ನದಲ್ಲೂ ಮಬ್ಬು. ಅಲ್ಲಿ ಟ್ರೈಪಾಡಿಲ್ಲದೆ ಕೆಲಸ ಸಾಗಬೇಕಾದರೆ ಬಾಡಿಯೊಳಗೋ ಲೆನ್ಸಿನೊಳಗೋ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇರಬೇಕು. ಅಗಲ ನೋಟದ ಲೆನ್ಸಿನಲ್ಲಿ, ಕಂಬಕ್ಕೆ ಬೆನ್ನು ಆನಿಸಿ, ಉಸಿರು ಹಿಡಿದು 1/4 ಸೆಕೆಂಡಿನಲ್ಲೂ ಸ್ಫುಟವಾದ ಚಿತ್ರ ತೆಗೆಯಬಹುದು. ಅದು ತಡೆಯುವುದು ನಮ್ಮ ಕೈಯ ನಡುಕವನ್ನಷ್ಟೆ. ಎದುರಿಗೆ ನಡೆದುಹೋಗುವವರು ಮಸುಕಾಗಿಯೇ ಬರುತ್ತಾರೆ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪಿನ ಕುಸುರಿಗೆ ಮಾತ್ರ ಬೇರೆ ಉಪಾಯ. ಅಲ್ಲಿ ಫ್ಲ್ಯಾಶ್ ಬೆಳಗಿಸಿದರೆ ಚಿಪ್ಪಿನ ಬಣ್ಣವೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಫ್ಲ್ಯಾಶನ್ನು ಮನೆಯಲ್ಲಿಟ್ಟು ಬನ್ನಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಚಿಪ್ಪಿನ ಬಣ್ಣ ಬದಲಾಗುವುದನ್ನು ಕಣ್ಣಿಂದ ನೋಡಿ, ಆಮೇಲೆ ತೆಗೆಯಿರಿ.

ಫಿಲ್ಟರುಗಳಲ್ಲಿ ನಾನು ಒಂದನ್ನೇ ಕೊಳ್ಳಿ ಎನ್ನುವುದಾದರೆ ಅದು ಪೋಲರೈಸರ್. ಎಲೆ, ನೀರು, ಒದ್ದೆ ಬಂಡೆಗಳ ಮೇಲಿನ ಹೊಳಪನ್ನು ಅದು ತೆಗೆಯುವ ರೀತಿಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ನಕಲು ಮಾಡಲಾಗದು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲನ್ನು ತೆಗೆಯುವಾಗ ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದರೆ ಆಕಾಶ ಗಾಢ ನೀಲಿಯಾಗಿ ಬೆಟ್ಟದ ಅಂಚು ಎದ್ದು ನಿಲ್ಲುತ್ತದೆ. ಸೂರ್ಯ ಬೆನ್ನಿಗಿದ್ದರೆ ಫಿಲ್ಟರ್ ಹಾಕಿಯೂ ಹಾಕದಂತೆ. ತೀರ ಅಗಲವಾದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಭಾಗ ಕಡುನೀಲಿ, ಉಳಿದದ್ದು ತಿಳಿನೀಲಿಯಾಗಿ ಬಟ್ಟೆಗೆ ಬಣ್ಣ ಬಿಟ್ಟ ಹಾಗೆ ಕಾಣುವುದೂ ಉಂಟು. ಚಿಂಚೋಳಿಯ ಎತ್ತಿಪೋತ, ಗುರುಮಠಕಲ್ ಕಡೆಯ ದಬದಬಿ ಜಲಪಾತಗಳಿಗೆ ಮಳೆಗಾಲದಲ್ಲಿ ಹೋಗುವವರು 6 ಸ್ಟಾಪಿನ ಎನ್‌ಡಿ ಫಿಲ್ಟರ್ ಇಟ್ಟುಕೊಳ್ಳಬಹುದು. ಅದು ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 1/60 ಸೆಕೆಂಡಿನ ಚಿತ್ರ ಒಂದು ಸೆಕೆಂಡಿನದಾಗಿ, ಬೀಳುವ ನೀರು ನೂಲಿನಂತೆ ಇಳಿಯುತ್ತದೆ. ಇಲ್ಲಿ ಟ್ರೈಪಾಡ್ ಬೇಕೇ ಬೇಕು. ಪ್ರತಿ ಲೆನ್ಸಿಗೂ ಬೇರೆ ಬೇರೆ ಫಿಲ್ಟರ್ ಕೊಳ್ಳಬೇಡಿ. ನಿಮ್ಮಲ್ಲಿರುವ ಲೆನ್ಸುಗಳಲ್ಲಿ ದೊಡ್ಡ ಬಾಯಿಯದಕ್ಕೆ, ಸಾಮಾನ್ಯವಾಗಿ 77 ಮಿ.ಮೀ., ಒಂದನ್ನು ಕೊಂಡು ಉಳಿದವಕ್ಕೆ ಅಳತೆ ಹೊಂದಿಸುವ ಬಳೆಗಳನ್ನು ಹಾಕಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಬಳಸಿದ ಸಲಕರಣೆ ಕೊಳ್ಳುವುದಕ್ಕೆ ನನ್ನ ಬೆಂಬಲ ಪೂರ್ತಿಯಾಗಿದೆ, ಆದರೆ ಕಣ್ಣು ತೆರೆದು ಕೊಳ್ಳಬೇಕು. ಲೆನ್ಸನ್ನು ಎತ್ತಿ ಹಿಡಿದು, ಹಿಂದಿನಿಂದ ಮೊಬೈಲಿನ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ಒಣಹವೆಯಲ್ಲಿ ಬೂಷ್ಟು ಕಡಿಮೆ. ಕರಾವಳಿಯಿಂದಲೋ ಮುಂಬಯಿಯಿಂದಲೋ ಬಂದ ಲೆನ್ಸುಗಳಲ್ಲಿ ಅದನ್ನು ಹೆಚ್ಚಾಗಿ ಕಂಡಿದ್ದೇನೆ. ಒಂದೆರಡು ಧೂಳಿನ ಕಣ ಕಂಡರೆ ಗಾಬರಿ ಬೇಡ, ಚಿತ್ರದಲ್ಲಿ ಅದು ಕಾಣದು. ಬಾಡಿಯಾದರೆ ಷಟರ್ ಎಷ್ಟು ಸಲ ಬಿದ್ದಿದೆ ಎಂಬ ಎಣಿಕೆ ಕೇಳಿ, ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು ಸೆನ್ಸರಿನ ಕಲೆಗಳನ್ನು ನೋಡಿ. ಮದುವೆಯ ಕೆಲಸ ಮಾಡಿದ ಬಾಡಿಯ ಎಣಿಕೆ ಲಕ್ಷ ದಾಟಿರುತ್ತದೆ. ನನ್ನದೂ ದಾಟಿತ್ತು, ಮಾರುವಾಗ ಹೇಳಿಯೇ ಮಾರಿದೆ. ಯಾವ ಲೆನ್ಸು ಯಾವ ಬಾಡಿಗೆ ಕೂಡುತ್ತದೆಂಬ ಜೋಡಣೆಯನ್ನೂ ವಿಚಾರಿಸಬೇಕು. ಕೆನಾನ್‌ನ 1987ರಿಂದೀಚಿನ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಅದರ ಹೊಸ ಮಿರರ್‌ಲೆಸ್ ಬಾಡಿಗಳಲ್ಲಿ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಹಳೆಯ, ಒಳಗೆ ಮೋಟಾರ್ ಇಲ್ಲದ ಲೆನ್ಸುಗಳು ಮಾತ್ರ ಆ ಕಂಪನಿಯ ಅಡಾಪ್ಟರ್ ಹಾಕಿದರೂ ಕೈಯಿಂದಲೇ ಫೋಕಸ್ ಬೇಡುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ತಂದು, ಹಕ್ಕಿ ಹಾರಿದ ಮೇಲೆ ರಿಂಗ್ ತಿರುಗಿಸುತ್ತ ಕೂರುವುದು ಬೇಡ.

ಮೆಮೊರಿ ಕಾರ್ಡಿನ ವಿಷಯ ಚಿಕ್ಕದು: ದೊಡ್ಡದೊಂದರ ಬದಲು ಮಧ್ಯಮ ಗಾತ್ರದ ಎರಡು, ಬರೆಯುವ ವೇಗ ತಿಳಿಸುವ ವಿ30 ಗುರುತಿನವು, ನಂಬಿಕೆಯ ಅಂಗಡಿಯಿಂದ. ನಕಲಿ ಕಾರ್ಡುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ನಿಮ್ಮ ಜೀವಮಾನದ ಚಿತ್ರ ಸಿಗುವ ದಿನದವರೆಗೆ.

ಡ್ರೋನ್ ಬಗ್ಗೆ ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಬೀದರದಲ್ಲಿ ವಾಯುಪಡೆಯ ನೆಲೆ ಇದೆ, ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ವಿಮಾನಗಳು ಹಾರುವುದು ಅಲ್ಲಿಂದಲೇ. ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿದ್ದಾರೆ, ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವುದರಲ್ಲಿದೆಯೆಂದು ನೋಡಿಕೊಳ್ಳಬಹುದು. 250 ಗ್ರಾಂಗಿಂತ ಹಗುರ ಎಂಬ ಕಾರಣಕ್ಕೆ ಕೆಂಪು ವಲಯ ಹಸಿರಾಗುವುದಿಲ್ಲ. ಚಿಂಚೋಳಿ 2011ರಿಂದ ವನ್ಯಜೀವಿ ಧಾಮ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ, ರಕ್ಷಿತ ಸ್ಮಾರಕಗಳ ಮೇಲೂ ಇಲ್ಲ. ಹೀಗೆ ನೀವು ಹಾರಿಸಬೇಕೆಂದು ಆಸೆಪಡುವ ಜಾಗಗಳೆಲ್ಲ ಕಳೆದು ಉಳಿಯುವುದು ನಿಮ್ಮ ಸ್ವಂತ ಹೊಲ. ಆ ದುಡ್ಡಿಗೆ ಒಳ್ಳೆಯ 70–300 ಲೆನ್ಸ್ ಬರುತ್ತದೆ.

ಈ ಎಲ್ಲವನ್ನೂ ಕೇಳಿದ ಮೇಲೂ ಯಾವುದನ್ನು ಕೊಳ್ಳಬೇಕೆಂಬ ಗೊಂದಲ ಉಳಿದಿದ್ದರೆ ಕೊಳ್ಳುವ ಮುನ್ನ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನಲ್ಲಿ ಸಿಗುತ್ತದೆ. ಮೊದಲ ದಿನ ನಸುಕಿನಲ್ಲಿ ಸುರಪುರದ ಬಳಿಯ ಬೋನಾಳ ಕೆರೆಗೆ ಹೋಗಿ, ದಂಡೆಯುದ್ದಕ್ಕೂ ನಡೆಯುತ್ತ ಹಕ್ಕಿಗಳನ್ನು ತೆಗೆಯಿರಿ. ಎರಡನೆಯ ದಿನ ಅದೇ ಬ್ಯಾಗನ್ನು ಹೊತ್ತು ಯಾದಗಿರಿಯ ಕೋಟೆ ಹತ್ತಿ ಇಳಿಯಿರಿ. ಸಂಜೆ ಮನೆಗೆ ಬಂದು ಬ್ಯಾಗಿನಿಂದ ಒಂದೊಂದನ್ನೇ ಹೊರತೆಗೆದು ಚಾಪೆಯ ಮೇಲಿಡಿ. ಎರಡು ದಿನದಲ್ಲಿ ಒಮ್ಮೆಯೂ ಹೊರಬಾರದೆ ಬ್ಯಾಗಿನ ತಳದಲ್ಲೇ ಉಳಿದದ್ದು ಯಾವುದೋ ಅದನ್ನು ಕೊಳ್ಳುವ ಪಟ್ಟಿಯಿಂದ ಹೊಡೆದುಹಾಕಿ. ನನ್ನ ಪಟ್ಟಿಯಿಂದ ಹಾಗೆ ಮೊದಲು ಹೋದದ್ದು ಫ್ಲ್ಯಾಶ್, ಆಮೇಲೆ 70–200 ಎಫ್/2.8. ಅದನ್ನು ಮಾರಿ ಬಂದ ಹಣದಲ್ಲಿ ಹಗುರವಾದ ಒಂದು ಜೂಮ್, ಮೂರು ಬ್ಯಾಟರಿ ಮತ್ತು ಒಳ್ಳೆಯ ಒಂದು ಜೋಡಿ ಬೂಟು ಬಂದವು.